ಮುಖಪ್ರಕ್ಷಾಲನ ವಿಚಾರ

ದಾವಣಗೆರೆಯ ಕಡೆಯಿಂದ ಒಬ್ಬ ಗೃಹಿಣಿಯವರು ನಮಗೊಂದು ಕಾಗದವನ್ನು ಬರೆದಿರುವರು. ಅವರ ಮಗಳಿಗೆ ಈಗ ಹದಿನೈದು ವರ್ಷ. ಅಂಗಡಿಗೆ ಹೋದರೆ ಮುಖ ತೊಳೆಯುವ ದ್ರವ್ಯಗಳೇ ಒಂದು ಗೋಡೆಯ ತುಂಬ ಇರುವುವಂತೆ. ಬೇವಿನದು, ಅರಿಸಿನದು, ಇದ್ದಲಿನದು, ನಿಂಬೆಯದು, ಕೊನೆಗೆ ಬಂಗಾರದ ರಜವನ್ನು ಬೆರೆಸಿದುದೂ ಉಂಟಂತೆ. ಮಗಳು ಒಂದನ್ನು ಬೇಡುವಳು; ಅವಳ ಗೆಳತಿಯರು ಮತ್ತೊಂದನ್ನು ಹೊಗಳುವರು; ಯಜಮಾನರು ಮಾತ್ರ, ‘ನಮ್ಮ ಹಿರಿಯರು ಇವನ್ನೆಲ್ಲ ಕಂಡಿದ್ದರೇ? ಸ್ನಾನದ ಸಾಬೂನೇ ಸಾಕು’ ಎಂದು ಪಟ್ಟು ಹಿಡಿದಿರುವರು. ‘ತಾವು ಹಿರಿಯರು, ಉಪಾಧ್ಯಾಯರಾಗಿದ್ದವರು. ಇವುಗಳಲ್ಲಿ ಯಾವುದನ್ನು ಕೊಳ್ಳತಕ್ಕದ್ದೆಂಬುದನ್ನು ತಿಳಿಸಿದರೆ ಉಪಕಾರವಾಗುವುದು’ ಎಂದು ಕಾಗದವನ್ನು ಮುಗಿಸಿರುವರು.

ಎರಡು ವರ್ಷಗಳ ಹಿಂದೆ ಈ ಕಾಗದವು ಬಂದಿದ್ದರೆ ನಾವು ನಕ್ಕು, ಯಜಮಾನರ ಪಕ್ಷವನ್ನೇ ವಹಿಸಿ, ನಾಲ್ಕು ಸಾಲುಗಳಲ್ಲಿ ಉತ್ತರವನ್ನು ಬರೆದು ಕೈತೊಳೆದುಕೊಳ್ಳುತ್ತಿದ್ದೆವು. ಈಗ ಹಾಗೆ ಮಾಡಲು ನಮಗೆ ಮುಖವಿಲ್ಲ. ಏಕೆಂಬುದನ್ನು ಮೊದಲು ನಿವೇದಿಸಿಕೊಂಡು ಆಮೇಲೆ ವಿಷಯಕ್ಕೆ ಬರುವೆವು.

ನಮ್ಮ ತಮ್ಮನು ಮಲೆನಾಡಿನಲ್ಲಿ ಅಡಕೆಯ ತೋಟವನ್ನು ನೋಡಿಕೊಂಡಿರುವನು. ಅವನ ಮಗಳು ಪದವೀಪೂರ್ವ ತರಗತಿಯ ವ್ಯಾಸಂಗಕ್ಕಾಗಿ ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿಯೇ ನಿಂತಳು. ಬಂದ ಕೆಲವು ತಿಂಗಳಿಗೆಲ್ಲ ಹುಡುಗಿಯ ಹಣೆಯ ಮೇಲೂ ಕೆನ್ನೆಗಳ ಮೇಲೂ ಮೊಡವೆಗಳೆದ್ದುವು. ಎರಡನೆಯ ವರ್ಷಕ್ಕೆ ಇನ್ನೂ ಹೆಚ್ಚಿದುವು. ನಾವು ಮೂವತ್ತೈದು ವರ್ಷ ಪಾಠ ಹೇಳಿದವರು. ಕೇಳದಿದ್ದರೂ ಬುದ್ಧಿ ಹೇಳುವುದು ನಮ್ಮ ಕಸುಬಿನ ಗುಣ. ‘ಊರ ಧೂಳೆಲ್ಲ ಮುಖಕ್ಕೆ ಮೆತ್ತುವುದಮ್ಮ. ಕೊಳೆ ಕೂತರೆ ಮೊಡವೆ ಏಳದೆ ಇನ್ನೇನಾಗುವುದು? ಚೆನ್ನಾಗಿ ಉಜ್ಜಿ ತೊಳೆ’ ಎಂದೆವು. ಅವಳು ಹಿರಿಯರ ಮಾತನ್ನು ಮೀರುವ ಹುಡುಗಿಯಲ್ಲ. ಸ್ನಾನದ ಸಾಬೂನಿನಿಂದ ದಿನಕ್ಕೆ ಎರಡು ಸಲ ತೊಳೆಯುತ್ತಿದ್ದವಳು ನಾಲ್ಕು ಸಲ ತೊಳೆದಳು, ನಾಲ್ಕು ಆರಾಯಿತು. ಮೊಡವೆಗಳು ಕಡಮೆಯಾಗಲಿಲ್ಲ, ಮುಖ ಮಾತ್ರ ಕೆಂಪೇರಿ ಬಿಗಿದುಕೊಂಡಿತು.

ಆಗ ನಾವು ಎರಡನೆಯ ಉಪದೇಶವನ್ನು ಮಾಡಿದೆವು. ಕಡಲೆಹಿಟ್ಟಿಗೆ ನಿಂಬೆಯ ರಸವನ್ನು ಹಿಂಡಿ ಕಲಸಿ ಹಚ್ಚಿ, ಒಣಗಿದ ಬಳಿಕ ಉಜ್ಜಿ ತೆಗೆಯತಕ್ಕದ್ದೆಂದು ಹೇಳಿ, ನಮ್ಮ ತಾಯಿಯವರ ಕಾಲದ ಮದ್ದೆಂದು ಅದಕ್ಕೊಂದು ಪ್ರಮಾಣವನ್ನೂ ಕೊಟ್ಟೆವು. ವಾಸ್ತವವಾಗಿ ನಮ್ಮ ತಾಯಿಯವರು ಹಚ್ಚುತ್ತಿದ್ದುದು ಕಡಲೆಹಿಟ್ಟು ಮತ್ತು ಹಾಲಿನ ಕೆನೆ. ನಿಂಬೆಯು ಎಲ್ಲಿಂದ ಬಂದು ಸೇರಿತೋ, ನಮ್ಮ ನೆನಪಿನ ಕೈವಾಡವೇ ಇರಬೇಕು.

ಹುಡುಗಿಯು ಬೆಳಿಗ್ಗೆ ಇದನ್ನು ಹಚ್ಚಿ ತೊಳೆದುಕೊಂಡು, ಬಸ್ಸಿಗಾಗಿ ಬಿಸಿಲಿನಲ್ಲಿ ಕಾದು ನಿಲ್ಲುವಳು. ಕೆಲವೇ ದಿನಗಳಲ್ಲಿ ಎಡಗೆನ್ನೆಯ ಮೇಲೆ ರಸ ಹರಿದ ಗುರುತಿನಂತೆ ಕಪ್ಪು ಬರೆಗಳು ಕಾಣಿಸಿಕೊಂಡುವು. ಆಮೇಲೆ ಅವಳ ನಡೆಯೇ ಬೇರೆಯಾಯಿತು. ಜಡೆ ಹಾಕುವುದನ್ನು ಬಿಟ್ಟು ಕೂದಲನ್ನು ಕೆನ್ನೆಯ ಮೇಲಕ್ಕೆ ಇಳಿಬಿಟ್ಟುಕೊಳ್ಳುವಳು. ಊಟಕ್ಕೆ ನಮ್ಮ ಎದುರಿಗೆ ಕೂರದೆ ಪಕ್ಕಕ್ಕೆ ಕೂರುವಳು. ಬಂಧುಗಳ ಮದುವೆಗೆ ಹೊರಟಾಗ, ‘ಪರೀಕ್ಷೆ ಇದೆ ದೊಡ್ಡಪ್ಪ, ನಾನು ಬರುವುದಿಲ್ಲ’ ಎಂದಳು. ಪರೀಕ್ಷೆ ಇರಲಿಲ್ಲ. ಕಡೆಗೊಂದು ದಿನ ಕಾಲೇಜಿನವರು ನಮಗೆ ದೂರವಾಣಿಯಲ್ಲಿ ತಿಳಿಸಿದರು: ಪರೀಕ್ಷೆಯ ಅರ್ಜಿಗೆ ಭಾವಚಿತ್ರವನ್ನು ಕೊಟ್ಟಿಲ್ಲ, ನಾಳೆಯೇ ಕಡೆಯ ದಿನ ಎಂದು. ಏಕಮ್ಮ ಎಂದು ಕೇಳಿದರೆ ಮಾತಿಲ್ಲ. ನಮ್ಮ ಮನೆಯವರು ಅಡುಗೆಯ ಮನೆಯಿಂದ ಬಂದು, ‘ನಿಮಗೆ ಕಾಣುವುದಿಲ್ಲವೇ? ಆ ಮಗು ಕನ್ನಡಿ ನೋಡಿಕೊಂಡು ತಿಂಗಳಾಯಿತು’ ಎಂದರು. ನಮಗೆ ಕಂಡಿರಲಿಲ್ಲ.

ಆ ವಾರವೇ ಚರ್ಮರೋಗಗಳ ವೈದ್ಯೆಯೊಬ್ಬರ ಬಳಿಗೆ ಕರೆದುಕೊಂಡು ಹೋದೆವು. ಅವರು ಮುಖವನ್ನು ದೀಪದ ಬೆಳಕಿನಲ್ಲಿ ಪರೀಕ್ಷಿಸಿ, ‘ದಿನಕ್ಕೆ ಎಷ್ಟು ಸಲ ತೊಳೆಯುತ್ತೀಯಮ್ಮ?’ ಎಂದರು. ‘ಆರು ಸಲ.’ ‘ಏನು ಹಚ್ಚಿಕೊಂಡೆ?’ ‘ಕಡಲೆಹಿಟ್ಟು, ನಿಂಬೆಹಣ್ಣು.’ ‘ಯಾರು ಹೇಳಿದರು?’ ಹುಡುಗಿಯು ನಮ್ಮ ಕಡೆಗೆ ತಿರುಗಿಯೂ ನೋಡದೆ, ‘ನಾನೇ ಮಾಡಿಕೊಂಡೆ’ ಎಂದಳು. ಮೂವತ್ತೈದು ವರ್ಷಗಳಲ್ಲಿ ಎಷ್ಟೋ ಹುಡುಗರು ನಮ್ಮೆದುರಿಗೆ ಸುಳ್ಳು ಹೇಳಿದ್ದುಂಟು. ಅವರ ಕಿವಿಯನ್ನು ನಾವು ಹಿಂಡಿದ್ದೂ ಉಂಟು. ಈ ಸುಳ್ಳಿಗೆ ಏನು ಮಾಡಬೇಕೆಂಬುದು ತಿಳಿಯಲಿಲ್ಲ. ಹೇಳಿದವರು ನಾವೇ ಎಂದು ಒಪ್ಪಿಕೊಂಡೆವು.

‘ಮೊಡವೆಯು ಕೊಳೆಯಿಂದ ಬರುವ ವ್ಯಾಧಿಯಲ್ಲ’ ಎಂದು ವೈದ್ಯೆಯವರು ಹೇಳಿದ ಮಾತು ನಮಗೆ ಹೊಸದಾಗಿರಬಾರದಾಗಿತ್ತು. ಮನೆಗೆ ಬಂದವರೇ ಸುಶ್ರುತಸಂಹಿತೆಯನ್ನು ಅಟ್ಟದಿಂದ ಇಳಿಸಿದೆವು. ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳನ್ನು ಹೇಳುವ ಅಧ್ಯಾಯದೊಳಗೆ ‘ಮುಖದೂಷಿಕಾ’ ಎಂಬುದೊಂದುಂಟು. ಯುವಜನರ ಮುಖದಲ್ಲಿ ಬೂರುಗದ ಮುಳ್ಳುಗಳಂತೆ ಏಳುವ ಗುಳ್ಳೆಗಳಿವು. ಕಫ, ವಾತ, ರಕ್ತಗಳಿಂದ ಹುಟ್ಟುವುವು ಎಂಬುದು ಅಲ್ಲಿಯ ತಾತ್ಪರ್ಯ. ಧೂಳಿನ ಮಾತಾಗಲಿ ಕೊಳೆಯ ಮಾತಾಗಲಿ ಅಲ್ಲಿಲ್ಲ. ಕಫವಾತಗಳ ಲೆಕ್ಕವನ್ನು ಇಂದಿನ ವೈದ್ಯರು ಒಪ್ಪದಿರಬಹುದು. ಆದರೆ ಕಾರಣವು ದೇಹದ ಒಳಗಿನದು, ಮತ್ತು ಅದು ಯೌವನಕ್ಕೆ ಸೇರಿದುದು ಎಂಬ ಎರಡನ್ನೂ ಆ ಪುರಾತನರು ಕಂಡುಕೊಂಡಿದ್ದರು. ಪುಟದ ಅಂಚಿನಲ್ಲಿ, ವಿದ್ಯಾರ್ಥಿದಶೆಯಲ್ಲಿ ನಾವೇ ಪೆನ್ಸಿಲಿನಿಂದ ಎಳೆದ ಗೀಟು ಇನ್ನೂ ಮಾಸದೆ ಇತ್ತು.

ಇಂದಿನ ವೈದ್ಯರು ಹೇಳುವುದು ಹೀಗೆ. ಚರ್ಮದೊಳಗೆ ಕೂದಲಿನ ಬುಡದಲ್ಲಿ ಎಣ್ಣೆಯನ್ನು ಒಸರಿಸುವ ಗ್ರಂಥಿಗಳಿರುವುವು. ಹರೆಯದಲ್ಲಿ ದೇಹದ ಹಾರ್ಮೋನುಗಳು ಪ್ರಬಲವಾಗಿ, ಈ ಎಣ್ಣೆಯು ಹೆಚ್ಚುವುದು. ಅದು ಹೊರಬರುವ ಸಣ್ಣ ನಾಳದ ಬಾಯಿಯು ಸತ್ತ ಚರ್ಮದ ಕಣಗಳಿಂದ ಮುಚ್ಚಿಕೊಂಡರೆ ಎಣ್ಣೆಯು ಒಳಗೇ ನಿಂತು, ಅಲ್ಲಿ ಸೂಕ್ಷ್ಮಜೀವಿಗಳು ವೃದ್ಧಿಯಾಗಿ, ಬಾವು ಏಳುವುದು. ಮುಚ್ಚಳವು ಒಳಗಿರುವುದು, ನಾವು ಉಜ್ಜುವುದು ಹೊರಗೆ. ಕೆರೆಯ ತೂಬು ಕಟ್ಟಿಕೊಂಡರೆ ಏರಿಯ ಮೇಲೆ ಗುಡಿಸಿ ಏನು ಪ್ರಯೋಜನ?

ಪ್ರಯೋಜನವಿಲ್ಲದಿದ್ದರೆ ಚಿಂತೆಯಿರಲಿಲ್ಲ, ಹಾನಿಯೂ ಉಂಟು. ಚರ್ಮದ ಅತ್ಯಂತ ಹೊರಗಿನ ಪದರವು ಕಾಗದಕ್ಕಿಂತಲೂ ತೆಳುವಾದುದು. ಇಟ್ಟಿಗೆಯ ಗೋಡೆಯನ್ನು ನೆನೆದುಕೊಂಡರೆ ಅದರ ರಚನೆಯು ತಿಳಿಯುವುದು: ಸತ್ತ ಕಣಗಳು ಇಟ್ಟಿಗೆಗಳು, ಅವುಗಳ ನಡುವಣ ಕೊಬ್ಬು ಗಾರೆ. ಒಳಗಿನ ತೇವವನ್ನು ಹೊರಕ್ಕೆ ಬಿಡದೆ, ಹೊರಗಿನ ವಿಷವನ್ನು ಒಳಕ್ಕೆ ಬಿಡದೆ ಕಾಯುವುದು ಈ ಗೋಡೆಯೇ. ಮುಖವನ್ನು ತೊಳೆಯುವ ಯಾವ ದ್ರವ್ಯವೇ ಆಗಲಿ ಎಣ್ಣೆಯನ್ನು ತೆಗೆಯುವುದಕ್ಕಾಗಿಯೇ ಇರುವುದು. ಆದರೆ ಬೇಡದ ಎಣ್ಣೆ ಇದು, ಗೋಡೆಯ ಗಾರೆ ಇದು ಎಂಬ ವಿವೇಕವು ಅದಕ್ಕಿಲ್ಲ. ಎರಡನ್ನೂ ಎಳೆದುಕೊಂಡು ಹೋಗುವುದು. ಯಾವ ದ್ರವ್ಯವು ಕೊಳೆಯನ್ನು ಒಯ್ದು ಗಾರೆಯನ್ನು ಆದಷ್ಟು ಉಳಿಸುವುದೋ ಅದು ಆ ಮುಖಕ್ಕೆ ಹೊಂದುವ ದ್ರವ್ಯ. ತೊಳೆದ ಮೇಲೆ ಬೆರಳಿನಿಂದ ತಿಕ್ಕಿದರೆ ಕಿರ್ ಎನ್ನಬೇಕೆಂದು ನಾವೆಲ್ಲರೂ ತಿಳಿದಿರುವೆವಷ್ಟೆ. ಹಾಗೆ ಕಿರ್ ಎನ್ನಬೇಕಾದುದು ಊಟದ ತಟ್ಟೆ.

ಇನ್ನು ಆಮ್ಲಕ್ಷಾರಗಳ ವಿಚಾರ. ಇವನ್ನು ಅಳೆಯುವ ಮಾಪಕದಲ್ಲಿ ಶುದ್ಧವಾದ ನೀರಿಗೆ 7 ಅಂಕ. ಅದಕ್ಕಿಂತ ಕಡಮೆಯಾದುದು ಆಮ್ಲ, ಹೆಚ್ಚಾದುದು ಕ್ಷಾರ. ಆರೋಗ್ಯವಾದ ಚರ್ಮದ ಮೇಲ್ಮೈಯು ಸುಮಾರು 5, ಎಂದರೆ ಕೊಂಚ ಹುಳಿಯ ಪಕ್ಷ. ಜರ್ಮನಿಯ ಶಾಡೆ ಮತ್ತು ಮಾರ್ಕಿಯೊನಿನಿ ಎಂಬ ಇಬ್ಬರು ವೈದ್ಯರು 1928ರಲ್ಲಿ ಇದಕ್ಕೆ ಆಮ್ಲದ ಹೊದಿಕೆ ಎಂಬ ಅರ್ಥದ ಹೆಸರನ್ನು ಕೊಟ್ಟರು. ಕೊಬ್ಬಿಗೆ ಕ್ಷಾರವನ್ನು ಕೂಡಿಸಿ ಮಾಡಿದ ನಿಜವಾದ ಸಾಬೂನು, ಅದು ಯಾವ ಕಾರ್ಖಾನೆಯದೇ ಆಗಿರಲಿ, 9ರಿಂದ 10ರವರೆಗೆ ಇರುವುದು. ಅಂತರವು ನಾಲ್ಕೈದು ಅಂಕಗಳೇ ಅಲ್ಲವೇ ಎನ್ನಕೂಡದು. ಈ ಮಾಪಕದಲ್ಲಿ ಒಂದು ಅಂಕವೆಂದರೆ ಹತ್ತು ಪಟ್ಟು, ನಾಲ್ಕು ಅಂಕವೆಂದರೆ ಹತ್ತು ಸಾವಿರ ಪಟ್ಟು. ಬಲವಾದ ಚರ್ಮವು ಕೆಲವು ಗಂಟೆಗಳಲ್ಲಿ ತನ್ನ ಹುಳಿಯನ್ನು ತಾನೇ ಸರಿಪಡಿಸಿಕೊಳ್ಳುವುದು. ಆದರೆ ಅದು ಚೇತರಿಸಿಕೊಳ್ಳುವುದರೊಳಗಾಗಿ ಮತ್ತೆ ತೊಳೆದರೆ? ಮತ್ತೆ ಮತ್ತೆ ಆರು ಸಲ ತೊಳೆದರೆ? ನಮ್ಮ ಹುಡುಗಿಯ ಕೆನ್ನೆಯಲ್ಲಿ ಆದುದು ಅದೇ.

ವೈದ್ಯೆಯವರು ಮತ್ತೊಂದು ಪ್ರಶ್ನೆಯನ್ನೂ ಕೇಳಿದರು: ‘ಮನೆಗೆ ಯಾವ ನೀರು?’ ನಮ್ಮದು ಕೊಳವೆಬಾವಿಯ ನೀರು. ತಮ್ಮನ ಊರಿನಲ್ಲಿ ಹಳ್ಳದ ಮೆದುನೀರು. ಅಲ್ಲಿ ಸಾಬೂನು ಬೇಗ ನೊರೆಯಾಗಿ ಬೇಗ ಹೋಗುವುದು. ಇಲ್ಲಿಯ ಗಡಸು ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಸಾಬೂನು ಅದರೊಡನೆ ಕೂಡಿ ಕರಗದ ಗಸಿಯಾಗುವುದು. ಬಚ್ಚಲುಮನೆಯ ಬಕೀಟಿನ ಒಳಮೈಯಲ್ಲಿ ಬೆಳ್ಳಗೆ ಅಂಟಿಕೊಳ್ಳುವುದಲ್ಲ, ಅದೇ. ಬಕೀಟಿಗೆ ಅಂಟಿದುದು ಮುಖಕ್ಕೆ ಅಂಟದೆ ಇರುವುದೇ? ಅದೇ ಹುಡುಗಿ, ಅದೇ ಸಾಬೂನು. ನೀರು ಬದಲಾದುದರಿಂದ ಫಲವೂ ಬದಲಾಯಿತು. ಕೊಳವೆಬಾವಿಯ ಗಡಸು ನೀರನ್ನೇ ನೆಚ್ಚಿದ ಮನೆಗಳವರು ಇದನ್ನು ಗಮನಿಸತಕ್ಕದ್ದು. ಈಗ ಫೇಸ್‌ವಾಶ್ ಎಂಬ ಹೆಸರಿನಲ್ಲಿ ದೊರೆಯುವ ದ್ರವಗಳಲ್ಲಿ ಬಹುಪಾಲು ಸಾಬೂನಲ್ಲ. ಬೇರೆ ರಾಸಾಯನಿಕ ಕ್ರಮದಿಂದ ಆದ ಮಾರ್ಜಕಗಳು. ಇವು ಗಡಸು ನೀರಿನಲ್ಲಿ ಗಸಿಗಟ್ಟುವುದಿಲ್ಲ. ಚರ್ಮದ ಹುಳಿಗೆ ಸಮೀಪವಾಗಿರುವಂತೆ ಇವನ್ನು ಹದಗೊಳಿಸಲೂ ಬರುವುದು. ಯಜಮಾನರ ಮಾತಿಗೆ ಉತ್ತರವು ಇಲ್ಲಿದೆ.

ಇದನ್ನು ಓದಿ ನಾವು ಸಾಬೂನಿನ ವೈರಿಗಳಾದೆವೆಂದು ಯಾರೂ ಭಾವಿಸಬಾರದು. ಬೆಂಗಳೂರಿನಲ್ಲಿ 1916ರಲ್ಲಿ ಸರ್ಕಾರದ ಸಾಬೂನಿನ ಕಾರ್ಖಾನೆಯು ಸ್ಥಾಪಿತವಾದಂದಿನಿಂದ ಗಂಧದ ಸಾಬೂನು ನಮ್ಮ ನಾಡಿನ ಹೆಮ್ಮೆಯಾಗಿರುವುದು. ಮೈಗೂ ಕೈಕಾಲುಗಳಿಗೂ ಒಳ್ಳೆಯ ಸಾಬೂನು ಇಂದಿಗೂ ಒಳ್ಳೆಯದೇ. ನಮ್ಮ ದೂರೇನಿದ್ದರೂ ಆರು ಸಲ ಉಜ್ಜಿಸಿದವರ ಮೇಲೆ. ಹಿರಿಯರು ಎಂದರೆ ಎಷ್ಟು ಹಿಂದಿನವರೆಂದು ಕೇಳಬೇಕಾಗುವುದು: ವಾತ್ಸ್ಯಾಯನನು ನಾಗರಕನ ದಿನಚರ್ಯೆಯನ್ನು ಹೇಳುವಾಗ ಸ್ನಾನವನ್ನು ನಿತ್ಯವೂ, ನೊರೆಗೊಡುವ ‘ಫೇನಕ’ವನ್ನು ಮೂರು ದಿನಗಳಿಗೊಮ್ಮೆಯೂ ವಿಧಿಸಿರುವನು. ಶೌಕೀನನಾದ ನಾಗರಕನಿಗೇ ಮೂರು ದಿನಗಳಿಗೊಮ್ಮೆ!

ಸಾಬೂನಿನ ಹೊದಿಕೆಯ ಮೇಲೆ ಟಿ.ಎಫ್.ಎಂ. ಶೇಕಡ 76 ಎಂದು ಅಚ್ಚಾಗಿರುವುದನ್ನು ತೋರಿಸಿ, ಇದು ಮುಖಕ್ಕೆ ಉತ್ತಮವಲ್ಲವೇ ಎಂದು ಕೇಳುವವರುಂಟು. ಅದು ಸಾಬೂನಿನಲ್ಲಿರುವ ಕೊಬ್ಬಿನಂಶದ ಲೆಕ್ಕ. ನಮ್ಮ ದೇಶದ ಮಾನಕದ ಪ್ರಕಾರ ಶೇಕಡ 76 ಇದ್ದರೆ ಮೊದಲನೆಯ ದರ್ಜೆ, 70 ಇದ್ದರೆ ಎರಡನೆಯದು, 60 ಇದ್ದರೆ ಮೂರನೆಯದು. ಸಾಬೂನು ಎಷ್ಟು ಗಟ್ಟಿಯಾದ ಸರಕೆಂಬುದು ಇದರಿಂದ ತಿಳಿಯುವುದೇ ಹೊರತು ಅದರ ಕ್ಷಾರಗುಣವು ಎಷ್ಟೆಂಬುದು ತಿಳಿಯದು. ಗಣಿತದಲ್ಲಿ 76 ಅಂಕ ಬಂದ ಹುಡುಗನು ಸಂಗೀತದಲ್ಲಿಯೂ ಬಲ್ಲಿದನೆಂದು ಹೇಳಲಾಗುವುದೇ?

ಇನ್ನು ಅಡುಗೆಯ ಮನೆಯ ದ್ರವ್ಯಗಳು. ಇವು ನಮ್ಮವು, ನಿರಪಾಯವಾದುವು ಎಂಬ ಮಮತೆಯೇ ನಮ್ಮನ್ನು ಕೆಡಿಸಿತು. ನಿಂಬೆಯ ರಸದ ಅಂಕವು ಸುಮಾರು 2. ಚರ್ಮದ ಮೆದುವಾದ ಹುಳಿಗೂ ಇದಕ್ಕೂ ಬಹಳ ದೂರ. ಅದಕ್ಕಿಂತ ಮುಖ್ಯವಾದುದು, ನಿಂಬೆಯ ರಸವು ತಗಲಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತಾಗಿ ಕಪ್ಪು ಕಲೆಗಳು ಬೀಳುವುವು. ಇದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ರಸದಲ್ಲಿರುವ ಕೆಲವು ಪದಾರ್ಥಗಳು ಬಿಸಿಲಿನೊಡನೆ ಕೂಡಿ ಮಾಡುವ ಕೆಲಸ. ನಮ್ಮ ಜನರದು ಶ್ಯಾಮಲ ಅಥವಾ ಗೋಧಿಯ ಬಣ್ಣದ ಮೈ. ಇಂತಹ ಚರ್ಮಕ್ಕೆ ಎಲ್ಲಿ ಉರಿಯೋ ಕೆರೆತವೋ ಆಗುವುದೋ ಅಲ್ಲಿ ಕಪ್ಪು ನಿಲ್ಲುವುದು. ಮೂಲವು ವಾರದಲ್ಲಿ ವಾಸಿಯಾದರೂ ಕಲೆಯು ತಿಂಗಳುಗಟ್ಟಲೆ ಉಳಿಯುವುದು. ಆದುದರಿಂದ ಸೌಮ್ಯವಾದುದನ್ನು ಆರಿಸುವುದು ನಮ್ಮವರಿಗೆ ಬಹಳ ಅಗತ್ಯ. ಕಡಲೆಹಿಟ್ಟು ಎಣ್ಣೆಯನ್ನು ಹೀರಿಕೊಳ್ಳುವುದು ನಿಜ; ಮೊಡವೆಯಿಲ್ಲದ, ಒಣಗದ ಚರ್ಮಕ್ಕೆ ನಯವಾಗಿ ಸೋಸಿದ ಕಡಲೆಹಿಟ್ಟನ್ನೋ ಹೆಸರುಹಿಟ್ಟನ್ನೋ ಹಬ್ಬಹುಣ್ಣಿಮೆಗೊಮ್ಮೆ ಹಾಲಿನಲ್ಲಿ ಕಲಸಿ ಹಚ್ಚಿ ತೊಳೆದರೆ ಬಾಧೆಯಿಲ್ಲ. ಬಾವು ಬಂದ ಮೊಡವೆಗಳ ಮೇಲೆ ಅದರ ತರಿಯನ್ನು ಉಜ್ಜಕೂಡದು. ಅಂಟುವಾಳ, ಸೀಗೆ ತಲೆಗಿರಲಿ. ಅಡುಗೆಯ ಸೋಡಾ ಬೇಡವೇ ಬೇಡ. ಹಲ್ಲುಜ್ಜುವ ಪೇಸ್ಟನ್ನು ಮೊಡವೆಗೆ ಹಚ್ಚುವ ಚಾಳಿಯೊಂದು ಹುಡುಗರಲ್ಲಿರುವುದು. ಅದು ಹಲ್ಲಿಗಾಗಿ ಮಾಡಿದ ವಸ್ತು ಎಂದಷ್ಟೇ ಹೇಳಿ ಮುಂದೆ ಹೋಗುವೆವು.

ತನ್ನ ಚರ್ಮದ ಜಾತಿಯನ್ನು ತಿಳಿಯುವುದು ಹೇಗೆ? ಇದಕ್ಕೆ ಯಂತ್ರ ಬೇಡ, ಹಣವೂ ಬೇಡ. ಒಂದು ರಜಾದಿನ, ಸೌಮ್ಯವಾದ ಯಾವುದಾದರೊಂದು ದ್ರವ್ಯದಿಂದ ಮುಖವನ್ನು ತೊಳೆದು, ಬಟ್ಟೆಯಿಂದ ಒತ್ತಿ ಒರಸಿ, ಏನನ್ನೂ ಹಚ್ಚದೆ ಒಂದು ಗಂಟೆಯ ಕಾಲ, ಎಂದರೆ ಎರಡೂವರೆ ಗಳಿಗೆ, ನೆರಳಿನಲ್ಲಿ ಸುಮ್ಮನಿರಬೇಕು. ಆಮೇಲೆ ಕನ್ನಡಿಯನ್ನು ನೋಡಿಕೊಳ್ಳಬೇಕು. ಹಣೆ, ಮೂಗು, ಗಲ್ಲ, ಕೆನ್ನೆಗಳಿಗೆ ತೆಳುವಾದ ಕಾಗದವನ್ನು ಒತ್ತಿ ನೋಡಬೇಕು. ಎಲ್ಲ ಕಡೆಯೂ ಎಣ್ಣೆಯ ಹೊಳಪು ಕಂಡು ಕಾಗದವು ಜಿಡ್ಡಾದರೆ ಅದು ಜಿಡ್ಡಿನ ಚರ್ಮ. ನಕ್ಕರೆ ಕೆನ್ನೆಯು ಎಳೆದಂತಾಗಿ, ಬಾಯಿಯ ಸುತ್ತ ಬಿಳಿಯ ಹೊಟ್ಟು ಕಂಡರೆ ಒಣಚರ್ಮ. ಹಣೆ ಮೂಗುಗಳು ಹೊಳೆದು ಕೆನ್ನೆಗಳು ಬಿಗಿದರೆ ಮಿಶ್ರ. ಬಹುಮಂದಿ ಇದೇ ವರ್ಗದವರು. ಏನೂ ಅನ್ನಿಸದೆ ಮುಖವಿರುವುದೇ ಮರೆತುಹೋದರೆ ಪುಣ್ಯವಂತರು. ಉರಿ, ಕೆಂಪು, ನವೆಗಳು ಕಂಡರೆ ಸೂಕ್ಷ್ಮ ಪ್ರಕೃತಿಯ ಚರ್ಮವೆಂದು ತಿಳಿಯತಕ್ಕದ್ದು. ಈ ಪರೀಕ್ಷೆಯ ಫಲವು ಶಾಶ್ವತವಲ್ಲ. ಹದಿನೇಳರಲ್ಲಿ ಎಣ್ಣೆ ಸುರಿಯುತ್ತಿದ್ದ ಮುಖವು ಅರವತ್ತರಲ್ಲಿ ಒಣಗುವುದು. ಮಂಗಳೂರಿನ ಬೇಸಗೆಯಲ್ಲಿ ಜಿಗುಟಾದ ಮುಖವು ಧಾರವಾಡದ ಚಳಿಗೆ ಬಿರಿಯುವುದು.

ಜಿಡ್ಡಿನ ಚರ್ಮಕ್ಕೆ ಲೋಳೆಯಂತಿರುವ, ಸಾಧಾರಣವಾಗಿ ನೊರೆಗೊಡುವ ದ್ರವವು ಹೊಂದುವುದು. ಮೊಡವೆಯೂ ಇದ್ದರೆ ಸ್ಯಾಲಿಸಿಲಿಕ್ ಆಮ್ಲವು ಶೇಕಡ ಅರ್ಧದಿಂದ ಎರಡರವರೆಗೆ ಇರುವುದನ್ನು ನೋಡಿ ತೆಗೆದುಕೊಳ್ಳಬಹುದು. ಇದು ಎಣ್ಣೆಯಲ್ಲಿ ಕರಗುವ ಪದಾರ್ಥ. ಆದುದರಿಂದ ನಾಳದೊಳಕ್ಕೆ ಇಳಿದು, ನಾವು ಮೇಲೆ ಹೇಳಿದ ಮುಚ್ಚಳವನ್ನು ಸಡಿಲಿಸಬಲ್ಲದು. ಆಸ್ಪಿರಿನ್ ಒಗ್ಗದವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು. ಬಾವು ಹೆಚ್ಚಾಗಿದ್ದಲ್ಲಿ ಬೆಂಜಾಯಿಲ್ ಪೆರಾಕ್ಸೈಡ್ ಎಂಬುದನ್ನು ವೈದ್ಯರು ಕೊಡುವರು. ನಮ್ಮ ಹುಡುಗಿಗೆ ಕೊಟ್ಟುದು ಅದನ್ನೇ. ಗುಣವೇನೋ ಆಯಿತು, ಆದರೆ ಅದು ಬಟ್ಟೆಯ ಬಣ್ಣವನ್ನು ತಿನ್ನುವುದೆಂಬುದನ್ನು ಮರೆತು ನಮ್ಮ ಕೆಂಪು ಚೌಕದಲ್ಲಿ ಮುಖ ಒರಸಿಕೊಂಡಳು. ಅಂದಿನಿಂದ ಆ ಚೌಕವು ಚುಕ್ಕೆಯ ಜಿಂಕೆಯಂತಿರುವುದು.

ಒಣಚರ್ಮದವರು ನೊರೆಯ ಆಸೆಯನ್ನು ಬಿಡಬೇಕು. ಕೆನೆಯಂತಿರುವ, ನೊರೆ ಬಾರದ ಅಥವಾ ಅಲ್ಪವಾಗಿ ಬರುವ ದ್ರವವು ಇವರಿಗೆ ಹಿತ. ಗ್ಲಿಸರಿನ್, ಸೆರಮೈಡ್ ಎಂಬ ಹೆಸರುಗಳು ಚೀಟಿಯಲ್ಲಿದ್ದರೆ ಒಳ್ಳೆಯದು. ಸೆರಮೈಡ್ ಎಂಬುದು ಚರ್ಮದ ಗೋಡೆಯ ಗಾರೆಯಲ್ಲಿಯೇ ಇರುವ ಒಂದು ಕೊಬ್ಬು. ಮೊದಮೊದಲು, ಮುಖ ತೊಳೆದಂತೆಯೇ ಆಗಲಿಲ್ಲವಲ್ಲ ಎನ್ನಿಸುವುದು. ನಮಗೂ ಹಾಗೆಯೇ ಅನ್ನಿಸಿತು. ಎರಡು ವಾರದಲ್ಲಿ ರೂಢಿಯಾಯಿತು. ಸೂಕ್ಷ್ಮ ಪ್ರಕೃತಿಯವರು ಸುಗಂಧವನ್ನು ಸೇರಿಸದ ದ್ರವ್ಯವನ್ನೇ ಹುಡುಕಬೇಕು. ಮುಖಕ್ಕೆ ಒಗ್ಗದಿರುವಿಕೆಗೆ ಸುಗಂಧವು ಒಂದು ಪ್ರಧಾನ ಕಾರಣ. ವಾಸನೆ ಬಾರದಿರುವುದು ಬೇರೆ, ಸುಗಂಧವನ್ನು ಸೇರಿಸದಿರುವುದು ಬೇರೆ. ವಾಸನೆಯನ್ನು ಅಡಗಿಸಲು ಮತ್ತೊಂದು ಗಂಧವನ್ನು ಸೇರಿಸುವುದೂ ಉಂಟು. ಮಿಶ್ರ ಚರ್ಮದವರಿಗೆ ಯಾವುದಾದರೂ ಸೌಮ್ಯವಾದ ದ್ರವವು ಸಾಕು. ಕೆನ್ನೆಗೊಂದು ಮೂಗಿಗೊಂದು ಎಂದು ಎರಡನ್ನು ಕೊಳ್ಳಬೇಕಾಗಿಲ್ಲ.

ಚೀಟಿಯನ್ನು ಓದುವ ಅಭ್ಯಾಸವು ಮನೆವಾರ್ತೆಯವರಿಗೆ ಅವಶ್ಯ. ಮುಂದುಗಡೆಯಲ್ಲಿ ದೊಡ್ಡ ಅಕ್ಷರಗಳಿರುವುದು ಮಾರುವವರ ಮಾತು. ಹಿಂದುಗಡೆಯ ಸಣ್ಣ ಅಕ್ಷರಗಳು ವಸ್ತುವಿನ ಮಾತು. ಹೆಚ್ಚು ಪ್ರಮಾಣದಲ್ಲಿರುವುದು ಮೊದಲು, ಕಡಮೆಯಾದುದು ಆಮೇಲೆ ಎಂಬ ಕ್ರಮದಲ್ಲಿ ಅಲ್ಲಿ ಪದಾರ್ಥಗಳನ್ನು ಬರೆದಿರುವರು. ತೀರ ಅಲ್ಪವಾದುವು ಮಾತ್ರ ಕೊನೆಯಲ್ಲಿ ಹೇಗೆಂದರೆ ಹಾಗೆ ಬರಬಹುದು. ಸೋಡಿಯಂ ಲಾರಿಲ್ ಸಲ್ಫೇಟ್ ಎಂಬುದು ಮೇಲುಗಡೆಯಲ್ಲಿದ್ದರೆ ಒಣಚರ್ಮದವರೂ ಸೂಕ್ಷ್ಮ ಪ್ರಕೃತಿಯವರೂ ಬಿಡುವುದು ಲೇಸು. ಸೋಡಿಯಂ ಕೊಕೊಯಿಲ್ ಐಸೆಥಯೊನೇಟ್, ಕೊಕಾಮಿಡೊಪ್ರೊಪೈಲ್ ಬೀಟೇಯ್ನ್ ಮೊದಲಾದುವು ಸಾಮಾನ್ಯವಾಗಿ ಅದಕ್ಕಿಂತ ಸೌಮ್ಯ. ದೀರ್ಘಸಮಾಸಗಳಲ್ಲಿ ಬೆಳೆದ ನಮಗೂ ಇವನ್ನು ಉಚ್ಚರಿಸುವಾಗ ನಾಲಗೆ ತೊಡರುವುದು. ಕಣ್ಣಿಗೆ ಗುರುತು ಸಿಕ್ಕಿದರೆ ಸಾಕು. ಬೇವು, ಕೇಸರಿ, ಬಂಗಾರಗಳ ಹೆಸರು ಪಟ್ಟಿಯ ತಳದಲ್ಲಿದ್ದರೆ ಅವು ಹೆಸರಿಗಷ್ಟೇ ಇರುವುವೆಂದು ತಿಳಿಯಬಹುದು. ಮುಖದ ಮೇಲೆ ಅರೆನಿಮಿಷವಿದ್ದು ನೀರಿನೊಡನೆ ಬಚ್ಚಲಿಗೆ ಹೋಗುವ ವಸ್ತುವಿಗೆ ಬಂಗಾರವೇಕೆ? ಬೆಲೆ ಹೆಚ್ಚಾದುದರಿಂದ ಗುಣವೂ ಹೆಚ್ಚೆಂಬ ನಿಯಮವಿಲ್ಲ. ಮೊದಲಿಗೆ ಚಿಕ್ಕ ಕೊಳವೆಯನ್ನೇ ಕೊಳ್ಳಬೇಕು. ಮುಖಕ್ಕೆ ಹಚ್ಚುವ ಮುಂಚೆ, ಮುಂಗೈಯ ಒಳಭಾಗದಲ್ಲಿ ಒಂದೇ ಸ್ಥಳಕ್ಕೆ ಬೆಳಿಗ್ಗೆ ಸಂಜೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆದು, ಒಂದು ವಾರ ನೋಡತಕ್ಕದ್ದು. ಕೆಂಪು, ನವೆ ಬಾರದಿದ್ದರೆ ಮುಂದುವರಿಯಬಹುದು.

ತೊಳೆಯುವ ಕ್ರಮವನ್ನು ಎರಡು ಮಾತುಗಳಲ್ಲಿ ಮುಗಿಸುವೆವು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಬಹಳ ಬೆವರಿದ ದಿನ ಇನ್ನೊಮ್ಮೆ. ಮೊದಲು ಕೈಗಳನ್ನು ತೊಳೆದು, ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ, ಬೆರಳ ತುದಿಗಳಿಂದ ಅರೆನಿಮಿಷ. ನಾರು, ಬ್ರಷ್ಷು, ಒರಟು ಕಣಗಳು ಕೂಡವು. ಕೂದಲಿನ ಅಂಚಿನಲ್ಲಿಯೂ ದವಡೆಯ ಕೆಳಗೂ ನೊರೆಯು ಉಳಿಯದಂತೆ ನೀರು ಹಾಕಿ, ಮೆತ್ತನೆಯ ಬಟ್ಟೆಯಿಂದ ಒತ್ತಬೇಕು. ಹಲಗೆಯನ್ನು ಒರಸಿದಂತೆ ಒರಸಬಾರದು. ಒಣಚರ್ಮದವರು ತೇವವಿರುವಾಗಲೇ ತೇವರಕ್ಷಕವಾದ ಕ್ರೀಮನ್ನು ಲೇಪಿಸಿಕೊಳ್ಳುವುದು.

ಇಷ್ಟು ಹೇಳಿದ ಮೇಲೆ, ತೊಳೆಯುವುದರಿಂದ ಆಗದ ಕೆಲಸವನ್ನೂ ಹೇಳಬೇಕಾಗುವುದು. ನೋವುಳ್ಳ ದಪ್ಪ ಗಂಟುಗಳು, ಗುಳಿ ಬೀಳುವ ಮೊಡವೆಗಳು, ಎರಡು ತಿಂಗಳಾದರೂ ಇಳಿಯದ ಮೊಡವೆಗಳು ಇವಕ್ಕೆ ಔಷಧವೇ ಬೇಕು; ತಡಮಾಡಿದರೆ ಗುಳಿಗಳು ಜೀವಮಾನವೆಲ್ಲ ಉಳಿಯುವುವು. ಹುಡುಗಿಯ ಗೆಳತಿಯೊಬ್ಬಳು, ಹದಿನೈದು ದಿನಗಳಲ್ಲಿ ಮುಖವನ್ನು ಬೆಳ್ಳಗೆ ಮಾಡುವುದೆಂದು ಒಂದು ಕೊಳವೆಯನ್ನು ತಂದುಕೊಟ್ಟಿದ್ದಳು. ವೈದ್ಯೆಯವರು ಅದನ್ನು ಓದಿ ಕಸದ ಬುಟ್ಟಿಗೆ ಎಸೆದರು. ಅದರಲ್ಲಿದ್ದುದು ಸ್ಟೀರಾಯ್ಡ್. ಮೊದಲು ಹೊಳಪು ಬಂದಂತೆ ಕಂಡು, ಬರಬರುತ್ತ ಚರ್ಮವು ತೆಳುವಾಗಿ, ಬಿಟ್ಟರೆ ಉರಿದು, ಮೊಡವೆಗಳು ಇಮ್ಮಡಿಸುವುವಂತೆ. ಇಂತಹ ಹಲವು ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು 2018ರಲ್ಲಿ ಸರ್ಕಾರವು ನಿಯಮ ಮಾಡಿರುವುದು. ಆದರೂ ಕೈಯಿಂದ ಕೈಗೆ ಬರುವ ಕೊಳವೆಗಳಿಗೆ ನಿಯಮವೆಲ್ಲಿ? ಮಕ್ಕಳ ಮೇಜಿನ ಮೇಲೆ ಇಂತಹುದು ಕಂಡರೆ ಗದರದೆ ಕೇಳಿ ತಿಳಿದುಕೊಳ್ಳಬೇಕು. ಗದರಿದರೆ ಕೊಳವೆಯು ಮೇಜಿನಿಂದ ಹಾಸಿಗೆಯ ಕೆಳಕ್ಕೆ ಹೋಗುವುದು.

ನಮ್ಮ ಹುಡುಗಿಯ ಅರ್ಜಿಗೆ ಆ ಸಲ ಕೂದಲು ಇಳಿಬಿಟ್ಟ ಭಾವಚಿತ್ರವೇ ಹೋಯಿತು. ಮೊಡವೆಗಳು ಇಳಿಯಲು ಮೂರು ತಿಂಗಳು ಹಿಡಿದುವು. ಎಡಗೆನ್ನೆಯ ಬರೆಗಳು ಮಾಸಲು ಎಂಟು ತಿಂಗಳಾದುವು. ಇಷ್ಟು ದಿನಗಳಲ್ಲಿ ಅವಳು ಒಂದು ಸಲವಾದರೂ ನಿಂಬೆಯ ಹಣ್ಣಿನ ಮಾತೆತ್ತಲಿಲ್ಲ. ಅವಳು ಮಾತೆತ್ತಿದ್ದರೆ ನಮಗೆ ಹಗುರವಾಗುತ್ತಿತ್ತು. ಕಳೆದ ವರ್ಷ ಪದವಿಯ ತರಗತಿಗೆ ಸೇರುವಾಗ, ‘ದೊಡ್ಡಪ್ಪ, ಫೋಟೋ ತೆಗೆಸಿಕೊಳ್ಳಬೇಕು, ಹಣ ಕೊಡಿ’ ಎಂದು ತಾನಾಗಿಯೇ ಬಂದು ನಿಂತಳು. ಜಡೆ ಹಾಕಿಕೊಂಡಿದ್ದಳು. ಆರು ಪ್ರತಿಗಳಿಗೆ ಸಾಕಾಗುವಷ್ಟು ಕೇಳಿದವಳಿಗೆ ಹನ್ನೆರಡಕ್ಕೆ ಆಗುವಷ್ಟು ಕೊಟ್ಟೆವು.

ದಾವಣಗೆರೆಯ ಕಡೆಯ ತಾಯಿಯವರಿಗೆ ಇಂಥ ಹೆಸರಿನದನ್ನೇ ಕೊಳ್ಳಿರೆಂದು ಬರೆಯಲು ನಮಗೆ ಸಾಧ್ಯವಿಲ್ಲ. ಅವರ ಮಗಳ ಮುಖವನ್ನು ನಾವು ಕಂಡಿಲ್ಲ. ಬರುವ ಭಾನುವಾರ ಆ ಒಂದು ಗಂಟೆಯ ಪರೀಕ್ಷೆಯನ್ನು ಮಗಳೂ ತಾಯಿಯೂ ಒಟ್ಟಿಗೆ ಮಾಡಲಿ. ಮನೆಗೆ ಬರುವುದು ಯಾವ ನೀರೆಂಬುದನ್ನೂ ನೋಡಿಕೊಳ್ಳಲಿ. ಯಜಮಾನರನ್ನೂ ಕೂರಿಸಿಕೊಂಡರೆ ಒಳ್ಳೆಯದು. ನಮ್ಮ ಕೆನ್ನೆಗಳು ಪ್ರತಿ ಮಾರ್ಗಶಿರದಲ್ಲಿಯೂ ನವೆಯಾಗುತ್ತಿದ್ದುದು ವಯಸ್ಸಿನಿಂದಲೆಂದೇ ನಂಬಿದ್ದೆವು. ಈ ಸಲ ನವೆ ಬರಲಿಲ್ಲ. ಸ್ನಾನದ ಸಾಬೂನು ಕತ್ತಿನಿಂದ ಕೆಳಕ್ಕೆ ನಿಂತಿರುವುದು.